ಕಾಲಯಾನದ ಪ್ರಣಯಹಾಸ್ಯ: ಆಂಧ್ರ ಕರಾವಳಿಯಲ್ಲಿ ಆಸ್ಥಾನ, ವೇಷಾಂತರ ಮತ್ತು ಸಲಿಂಗಪ್ರೇಮ

ಕಾಲಯಾನದ ಪ್ರಣಯಹಾಸ್ಯ: ಇಂದಿನ ಮನುಷ್ಯನೊಬ್ಬ ಯಂತ್ರದಿಂದಲೋ ಮಂತ್ರದಿಂದಲೋ ಮರುಹುಟ್ಟಿನಿಂದಲೋ ಹಿಂದಿನ ಅರಸನೊಬ್ಬನ ಆಸ್ಥಾನಕ್ಕೆ ಹೋಗಿ ಬಿದ್ದು, ಅಲ್ಲಿ ಒಲಿಯಬಾರದವರಿಗೆ ಒಲಿದು, ಆ ಗೊಂದಲವೇ ನಗೆಗೆ ಕಾರಣವಾಗುವ ಕಥಾಪ್ರಕಾರ. ಇತ್ತೀಚಿನ ವರ್ಷಗಳಲ್ಲಿ ಪೂರ್ವ ಏಷ್ಯಾದ ಧಾರಾವಾಹಿಗಳು ಇದಕ್ಕೆ ಸಲಿಂಗಪ್ರೇಮದ ಎಳೆಯನ್ನು ನೇಯ್ದು ಮನೆಮಾತು ಮಾಡಿದವು. ಹಾಗಾಗಿ ಇದನ್ನು ಹೊರಗಿನಿಂದ ಬಂದ ಸರಕು ಎಂದು ತಿಳಿಯುವವರೇ ಹೆಚ್ಚು. ಆದರೆ ಕಾಲದ ಜಿಗಿತ, ರಾಜಾಸ್ಥಾನ, ಗಂಡುಹೆಣ್ಣಿನ ಗೆರೆ ದಾಟುವ ಒಲವು ಎಂಬ ಇದರ ಮೂರು ಎಳೆಗಳೂ ವಿಜಯವಾಡದಿಂದ ವಿಶಾಖಪಟ್ಟಣದವರೆಗಿನ ಆಂಧ್ರ ಕರಾವಳಿಗೆ ಬಹಳ ಹಳೆಯವು. ಅಲ್ಲಿನ ಸ್ಥಳಪುರಾಣ, ಪ್ರಬಂಧಕಾವ್ಯ, ಆಟ, ನಾಟಕ ಮತ್ತು ಸಿನಿಮಾಗಳಲ್ಲಿ ಈ ಎಳೆಗಳು ಕೂಡಿದ, ಬೇರೆಯಾದ ಬಗೆಯನ್ನು ಈ ಲೇಖನ ಪರಿಚಯಿಸುತ್ತದೆ. ಕನ್ನಡದ ನಂಟನ್ನೂ ಅಲ್ಲಲ್ಲಿ ಸೂಚಿಸುತ್ತದೆ.

ವ್ಯಾಪ್ತಿ ಮತ್ತು ಪದಗಳು

ಮೂರು ಮಾತುಗಳನ್ನು ಮೊದಲೇ ಬಿಡಿಸಿಕೊಳ್ಳಬೇಕು. ಗಂಡು ಗಂಡನ್ನೋ ಹೆಣ್ಣು ಹೆಣ್ಣನ್ನೋ ಪ್ರೀತಿಸುವುದು ಸಲಿಂಗಪ್ರೇಮ. ಗಂಡು ಹೆಣ್ಣಾಗುವುದು, ಹೆಣ್ಣು ಗಂಡಾಗುವುದು ಲಿಂಗಾಂತರ. ಹೆಣ್ಣಿನ ಉಡುಗೆ ತೊಟ್ಟು ನಟಿಸುವುದು ಬರಿಯ ವೇಷ. ಬಾಳಿನಲ್ಲಿ ಇವು ಮೂರೂ ಬೇರೆಬೇರೆ. ಕಥೆಗಳಲ್ಲಿ ಮಾತ್ರ ಒಂದು ಮತ್ತೊಂದರ ಬಾಗಿಲಾಗುತ್ತದೆ. ಗಂಡು ಗಂಡಿಗೆ ಒಲಿದ ಎಂದು ನೇರವಾಗಿ ಹೇಳಲಾಗದ ಕಾಲದಲ್ಲಿ ಕವಿಗಳು ಒಬ್ಬನನ್ನು ಹೆಣ್ಣಾಗಿಸಿ ಆ ಮಾತನ್ನು ಹೇಳಿದರು. ಮುಂದೆ ಬರುವ ಹಳೆಯ ಉದಾಹರಣೆಗಳಲ್ಲಿ ಹೆಚ್ಚಿನವು ಈ ಬಗೆಯವು. ಇವನ್ನು ಇಂದಿನ ಅರ್ಥದ ಸಲಿಂಗಪ್ರೇಮದ ಕಥೆಗಳೆಂದು ಕರೆಯಲಾಗದು.

ತೆಲುಗು ಚಿತ್ರೋದ್ಯಮದಲ್ಲಿ ಈ ಜಾತಿಯ ಚಿತ್ರಗಳಿಗೆ ಎರಡು ಹೆಸರುಗಳಿವೆ. ರಾಜ, ರಾಜಕುಮಾರಿ, ಮಾಂತ್ರಿಕರ ಕಥೆ ‘ಜಾನಪದ’ ಚಿತ್ರ; 1951ರ ‘ಪಾತಾಳಭೈರವಿ’ ಇದರ ಮಾದರಿ. ಇಂದಿನ ಊರಿಗೆ ಯಮನೋ ಅಪ್ಸರೆಯೋ ಇಳಿದು ಬರುವ ಕಥೆ ‘ಸೋಷಿಯೋ ಫ್ಯಾಂಟಸಿ’. 1977ರ ‘ಯಮಗೋಲ’, 1990ರ ‘ಜಗದೇಕವೀರುಡು ಅತಿಲೋಕಸುಂದರಿ’ ಈ ಸಾಲಿನವು. ಟೈಮ್ ಮೆಷಿನ್ ಬಂದದ್ದು ಇವೆರಡರ ನಡುವಿನ ಸೇತುವೆಯಾಗಿ.

ಪ್ರದೇಶ

ವಿಜಯವಾಡ ಮತ್ತು ವಿಶಾಖಪಟ್ಟಣಗಳ ನಡುವೆ ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಸುಮಾರು 350 ಕಿ.ಮೀ. ದೂರ. ಕೃಷ್ಣಾ, ಗೋದಾವರಿ ಮುಖಜಭೂಮಿಗಳು ಈ ದಾರಿಯಲ್ಲೇ ಸಿಗುತ್ತವೆ. ಕನ್ನಡಿಗರಿಗೆ ಇದು ಪರಕೀಯ ನೆಲವಲ್ಲ; ಆದಿಕವಿ ಪಂಪನ ಪೂರ್ವಿಕರು ಇಲ್ಲಿನ ವೆಂಗಿಮಂಡಲದವರು. ವಿಜಯನಗರದ ಕೃಷ್ಣದೇವರಾಯ (ಆಳ್ವಿಕೆ 1509–1529) ಕಳಿಂಗ ದಂಡಯಾತ್ರೆಯಲ್ಲಿ ವಿಜಯವಾಡದ ಪಕ್ಕದ ಕೊಂಡಪಲ್ಲಿ ಕೋಟೆಯನ್ನು ಗೆದ್ದ. ವಿಶಾಖಪಟ್ಟಣದ ಸಿಂಹಾಚಲದಲ್ಲಿ ನರಸಿಂಹನಿಗೆ ಆಭರಣಗಳನ್ನು ಒಪ್ಪಿಸಿದ ಅವನ ಶಾಸನವಿದೆ. ಕೃಷ್ಣಾ ಜಿಲ್ಲೆಯ ಶ್ರೀಕಾಕುಳದಲ್ಲಿ ಆಂಧ್ರವಿಷ್ಣು ಅರಸನ ಕನಸಿನಲ್ಲಿ ಬಂದು ತೆಲುಗಿನಲ್ಲಿ ಕಾವ್ಯ ಬರೆಯೆಂದು ಅಪ್ಪಣೆ ಕೊಟ್ಟನೆಂದು ರಾಯನೇ ಬರೆದ ‘ಆಮುಕ್ತಮಾಲ್ಯದ’ದ ಪೀಠಿಕೆ ಹೇಳುತ್ತದೆ. ಮುಂದೆ ತೆಲುಗು ಸಿನಿಮಾದ ಕಾಲಯಂತ್ರ ಮೊದಲು ಹೋಗಿ ನಿಂತದ್ದು ಈ ಅರಸನ ಆಸ್ಥಾನದಲ್ಲೇ.

ಎರಡು ಊರುಗಳನ್ನು ಬೆಸೆಯುವ ಇನ್ನೊಂದು ಸಂಗತಿಯಿದೆ. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಆರಂಭವಾದದ್ದು ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ. 1930ರಲ್ಲಿ ಅದು ವಿಶಾಖಪಟ್ಟಣದ ವಾಲ್ತೇರಿಗೆ ಹೋಯಿತು. ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿ ಅದಕ್ಕೂ ಮುನ್ನ ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದವರು. ‘ಕವಿತ್ವತತ್ತ್ವ ವಿಚಾರಮು’ ಎಂಬ ಅವರ ವಿಮರ್ಶಾಗ್ರಂಥ ಕೈಗೆತ್ತಿಕೊಂಡ ಕಾವ್ಯವೇ ಈ ಲೇಖನದ ವಿಷಯಕ್ಕೆ ಅತಿ ಹತ್ತಿರದ ಹಳೆಯ ಕೃತಿ. ಅದರ ಮಾತು ಮುಂದೆ ಬರುತ್ತದೆ.

ಸ್ಥಳಪುರಾಣಗಳು

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಹೋಗುವವರು ರಾವುಲಪಾಲೆಂ ಬಳಿ ಹೆದ್ದಾರಿ ಬಿಟ್ಟು ಒಳಕ್ಕೆ ಹೋದರೆ ರ್ಯಾಲಿ ಎಂಬ ಊರು. ಅಲ್ಲಿನ ಜಗನ್ಮೋಹಿನೀ ಕೇಶವಸ್ವಾಮಿಯ ವಿಗ್ರಹ ಒಂದೇ ಕಲ್ಲಿನದು. ಎದುರಿನಿಂದ ನೋಡಿದರೆ ಶಂಖಚಕ್ರ ಹಿಡಿದ ಕೇಶವ. ಪ್ರದಕ್ಷಿಣೆಯಾಗಿ ಹಿಂದಕ್ಕೆ ಬಂದರೆ ಹೆರಳು ಹಾಕಿದ ಮೋಹಿನಿ. ಅರ್ಚಕರು ದೀಪವನ್ನು ಹಿಂಬದಿಗೆ ಹಿಡಿದು ಹೆರಳನ್ನೂ ಸೀರೆಯ ನೆರಿಗೆಯನ್ನೂ ತೋರಿಸುತ್ತಾರೆ. ಮೋಹಿನಿಯ ಬೆನ್ನುಹತ್ತಿ ಬಂದ ಶಿವ ಇಲ್ಲಿ ಅವಳ ಮುಡಿಯಿಂದ ಬಿದ್ದ ಹೂವನ್ನು ಎತ್ತಿ ಮೂಸಿ ನೋಡಿದನಂತೆ. ನೋಡಿದರೆ ಎದುರಿಗೆ ನಿಂತವನು ವಿಷ್ಣು. ಶಿವನ ಗುಡಿ ಅಲ್ಲೇ ಎದುರಿಗಿದೆ. ಕನ್ನಡ ನಾಡಿನ ಯಕ್ಷಗಾನದಲ್ಲಿ ಮೋಹಿನಿ ಭಸ್ಮಾಸುರ ಪ್ರಸಂಗ ನೋಡಿದವರಿಗೆ ಈ ನಗೆಯ ಪರಿಚಯವಿದೆ.

ಇನ್ನೂ ಮುಂದೆ, ಕಾಕಿನಾಡದ ಸರ್ಪವರದಲ್ಲಿ ಭಾವನಾರಾಯಣಸ್ವಾಮಿ ದೇವಾಲಯ. ಇಲ್ಲಿನ ಕಥೆಯಲ್ಲಿ ಆಸ್ಥಾನವೂ ಕಾಲವೂ ಕೂಡುತ್ತವೆ. ವಿಷ್ಣುಮಾಯೆ ತನ್ನನ್ನೇನು ಮಾಡೀತು ಎಂದು ಬೀಗಿದ ನಾರದ ಇಲ್ಲಿನ ಕೊಳದಲ್ಲಿ ಮುಳುಗಿ ಎದ್ದಾಗ ಹೆಣ್ಣಾಗಿದ್ದ. ಹಿಂದಿನದೇನೂ ನೆನಪಿಲ್ಲ. ಬೇಟೆಗೆ ಬಂದ ಅರಸ ಅವಳನ್ನು ಮೆಚ್ಚಿ ಮದುವೆಯಾದ. ಅರಮನೆ, ಸಂಸಾರ, ಮಕ್ಕಳು, ಯುದ್ಧ. ಯುದ್ಧದಲ್ಲಿ ಮಕ್ಕಳೆಲ್ಲ ಮಡಿದರು. ಗೋಳಾಡುತ್ತಿದ್ದ ರಾಣಿಯನ್ನು ಮುದುಕನ ರೂಪದಲ್ಲಿ ಬಂದ ವಿಷ್ಣು ಇನ್ನೊಂದು ಕೊಳದಲ್ಲಿ ಮುಳುಗಿಸಿ ನಾರದನನ್ನಾಗಿ ಎಬ್ಬಿಸಿದ. ತೆಲುಗರಲ್ಲಿ ಪ್ರಚಲಿತವಾದ ಪಾಠದಂತೆ ಆ ಮಕ್ಕಳು 60 ಮಂದಿ; ಅವರೇ ಪ್ರಭವದಿಂದ ಅಕ್ಷಯದವರೆಗಿನ 60 ಸಂವತ್ಸರಗಳು. ಸತ್ತ ಮಕ್ಕಳಿಗೆ ಸರದಿಯಲ್ಲಿ ಒಂದೊಂದು ವರ್ಷ ಆಳುವ ವರ ಸಿಕ್ಕಿತು. ಯುಗಾದಿಯ ದಿನ ಪಂಚಾಂಗ ಶ್ರವಣ ಮಾಡುವ ಕನ್ನಡಿಗರೂ ತೆಲುಗರೂ ಕೇಳುವುದು ಈ ಹೆಸರುಗಳನ್ನೇ. ನಾರದ ಹೆಣ್ಣಾದ ಕಥೆ ದೇವೀಭಾಗವತದಲ್ಲೂ ಇದೆ; ಅಲ್ಲಿ ರಾಜನ ಹೆಸರು ತಾಲಧ್ವಜ.

ಪ್ರಬಂಧಕಾವ್ಯ

16ನೆಯ ಶತಮಾನದ ಪಿಂಗಳಿ ಸೂರನ ನಂದ್ಯಾಲದ ಅರಸರ ಆಶ್ರಯದಲ್ಲಿ ಬರೆದ ‘ಕಳಾಪೂರ್ಣೋದಯಮು’ ತೆಲುಗಿನಲ್ಲಿ ಕಲ್ಪಿತ ಕಥೆಯ ಮೇರುಕೃತಿ. ರಾಮಲಿಂಗಾ ರೆಡ್ಡಿ ಕೈಗೆತ್ತಿಕೊಂಡ ಕಾವ್ಯ ಇದೇ. ಅದುವರೆಗಿನ ಕವಿಗಳು ಪುರಾಣದಿಂದ ಕಥೆ ಎತ್ತಿಕೊಂಡರೆ ಈತ ತಾನೇ ಕಟ್ಟಿದ. ಬ್ರಹ್ಮ ಏಕಾಂತದಲ್ಲಿ ಸರಸ್ವತಿಗೆ ಒಂದು ಕಥೆ ಹೇಳುತ್ತಾನೆ. ಅದು ಇನ್ನೂ ನಡೆಯದ ಕಥೆ, ಆದರೆ ಬ್ರಹ್ಮ ಹೇಳಿದ್ದರಿಂದ ನಡೆಯಲೇಬೇಕು. ಗಿಳಿಯೊಂದು ಅದನ್ನು ಕದ್ದು ಕೇಳಿಸಿಕೊಳ್ಳುತ್ತದೆ. ಅಲ್ಲಿಂದ ಕಥೆ ಬಾಯಿಂದ ಬಾಯಿಗೆ ಹಬ್ಬಿ, ಕೇಳಿದವರೇ ಅದರ ಪಾತ್ರಗಳಾಗುತ್ತಾ ಹೋಗುತ್ತಾರೆ. ನಾಳೆ ನಡೆಯಬೇಕಾದದ್ದು ನಿನ್ನೆಯೇ ಹೇಳಿ ಮುಗಿದಿರುತ್ತದೆ.

ಈ ಕಥೆಯ ನಗೆ ರೂಪಾಂತರದ್ದು. ಬೇಕಾದ ರೂಪ ತಾಳುವ ವರ ಪಡೆದ ಕಲಭಾಷಿಣಿ ರಂಭೆಯಾಗಿ ನಿಂತಾಗ ನಿಜವಾದ ರಂಭೆಗೂ ಅವಳಿಗೂ ‘ನಾನೇ ರಂಭೆ’ ಎಂಬ ಜಗಳ ಹತ್ತಿಕೊಳ್ಳುತ್ತದೆ. ಇನ್ನೊಂದು ಜೋಡಿಯಲ್ಲಿ ಗಂಡ ಹೆಣ್ಣಾಗುತ್ತಾನೆ, ಹೆಂಡತಿ ಗಂಡಾಗುತ್ತಾಳೆ. ಕಥಾನಾಯಕನಾದ ರಾಜ ಕಳಾಪೂರ್ಣ ಹುಟ್ಟುವುದು ಈ ಅದಲುಬದಲಾದ ತಾಯಿತಂದೆಗೆ. ಕೊನೆಗೆ ಅವನ ಆಸ್ಥಾನಕ್ಕೆ ಮಧುರಲಾಲಸೆ ಎಂಬ ಹಸುಗೂಸನ್ನು ತರುತ್ತಾರೆ. ಮಣಿಯೊಂದನ್ನು ಕೊರಳಿಗೆ ಕಟ್ಟಿದ್ದೇ ತಡ, ಕೂಸು ತನ್ನ ಹಿಂದಿನ ಜನ್ಮದ ಕಥೆಯನ್ನೆಲ್ಲ ಸಭೆಯಲ್ಲಿ ಹೇಳತೊಡಗುತ್ತದೆ. ರಾಜಸಭೆ, ಕಾಲದ ಕದವನ್ನು ತೆರೆಯುವ ಒಡವೆ, ದೇಹ ಬದಲಿಸಿದ ಪ್ರೇಮಿಗಳು: ಇಂದಿನ ಧಾರಾವಾಹಿಗಳ ಸರಕೆಲ್ಲ ಇಲ್ಲಿದೆ. ಯಂತ್ರವೊಂದಿಲ್ಲ.

ಆಸ್ಥಾನಶೃಂಗಾರದ ಇನ್ನೊಂದು ಕೃತಿಯ ಪಾಡನ್ನು ಇಲ್ಲಿ ನೆನೆಯಬೇಕು. ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದ ಮುದ್ದುಪಳನಿ 18ನೆಯ ಶತಮಾನದಲ್ಲಿ ಬರೆದ ‘ರಾಧಿಕಾಸಾಂತ್ವನಮು’ವನ್ನು 1910ರಲ್ಲಿ ಮರುಮುದ್ರಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಬ್ರಿಟಿಷ್ ಸರ್ಕಾರ ಅದನ್ನು ಅಶ್ಲೀಲವೆಂದು ನಿಷೇಧಿಸಿತು. ನಿಷೇಧ ತೆಗೆಸಿದವರು ಮದ್ರಾಸ್ ಪ್ರಾಂತದ ಪ್ರಧಾನಿಯಾಗಿದ್ದ ಟಂಗುಟೂರಿ ಪ್ರಕಾಶಂ. ವಿಜಯವಾಡದಲ್ಲಿ ಕೃಷ್ಣೆಗೆ ಅಡ್ಡಲಾಗಿ ನಿಂತ ಬ್ಯಾರೇಜಿಗೆ ಅವರದೇ ಹೆಸರು. ‘ರಾಧಿಕಾಸಾಂತ್ವನಮು’ ಸಲಿಂಗಪ್ರೇಮದ ಕಾವ್ಯವಲ್ಲ. ಆದರೆ ಅರಮನೆಯಲ್ಲಿ ನಿರಾತಂಕವಾಗಿ ಹಾಡುತ್ತಿದ್ದುದನ್ನು ಅಚ್ಚಿನಲ್ಲಿ ನೋಡಲು ಹೊಸಕಾಲ ಹೇಗೆ ನಾಚಿತು ಎಂಬುದಕ್ಕೆ ಒಳ್ಳೆಯ ಸಾಕ್ಷಿ.

ಆಟ ಮತ್ತು ನಾಟಕ

ವಿಜಯವಾಡದಿಂದ 50 ಕಿ.ಮೀ. ಆಸುಪಾಸಿನಲ್ಲಿರುವ ಕೂಚಿಪೂಡಿ ಗ್ರಾಮದಲ್ಲಿ ಕುಣಿಯುವ ಹಕ್ಕು ಬಹುಕಾಲ ಬ್ರಾಹ್ಮಣ ಗಂಡಸರದ್ದಾಗಿತ್ತು. ಸಿದ್ಧೇಂದ್ರಯೋಗಿಯ ಹೆಸರಿನಲ್ಲಿ ನಡೆದುಬಂದ ‘ಭಾಮಾಕಲಾಪಂ’ನಲ್ಲಿ ಕೃಷ್ಣನೊಡನೆ ಮುನಿಸಿಕೊಂಡ ಸತ್ಯಭಾಮೆಯೇ ನಾಯಕಿ. ಪಾತ್ರಧಾರಿ ಮೊದಲು ತೆರೆಯ ಹಿಂದೆ ನಿಂತು ಉದ್ದನೆಯ ಜಡೆಯನ್ನು ತೆರೆಯ ಮೇಲಿಂದ ಈಚೆಗೆ ಎಸೆಯುತ್ತಾನೆ. ಮುಖ ಕಾಣದು, ಜಡೆ ಮಾತ್ರ ಕಾಣುತ್ತದೆ. ತನ್ನನ್ನು ಮೀರಿಸುವವರಿದ್ದರೆ ಬಂದು ಈ ಜಡೆ ಕತ್ತರಿಸಲಿ ಎಂಬ ಪಂಥ ಅದು. ವೇದಾಂತಂ ಸತ್ಯನಾರಾಯಣ ಶರ್ಮ (1935–2012) ಈ ಪಾತ್ರದಿಂದಲೇ ದೇಶಕ್ಕೆಲ್ಲ ಪರಿಚಿತರಾದರು. 1970ರಲ್ಲಿ ಪದ್ಮಶ್ರೀ ಪಡೆದರು. ಇದೇ ಆಟದಲ್ಲಿ ಒಬ್ಬನೇ ಪಾತ್ರಧಾರಿ ಭಾಮೆಯ ಬಳಿ ಗೆಳತಿ ಮಾಧವಿ, ಕೃಷ್ಣನ ಬಳಿ ಗೆಳೆಯ ಮಾಧವ. ನಗೆಯ ಪಾಲು ಹೆಚ್ಚಾಗಿ ಅವನದು.

ಬಾಪಟ್ಲದಲ್ಲಿ ಹುಟ್ಟಿದ ಸ್ಥಾನಂ ನರಸಿಂಹರಾವ್ (1902–1971) ಕಂಪನಿ ನಾಟಕಗಳ ಕಾಲದ ಸ್ತ್ರೀಪಾತ್ರಧಾರಿ. ‘ಶ್ರೀಕೃಷ್ಣ ತುಲಾಭಾರಂ’ನ ಸತ್ಯಭಾಮೆಯಾಗಿ ಹೆಸರಾದ ಅವರಿಗೆ 1956ರಲ್ಲಿ ಪದ್ಮಶ್ರೀ ಸಂದಿತು. ಇಂಥ ರಂಗದಲ್ಲಿ ಪ್ರಣಯ ದೃಶ್ಯ ಎಂದರೆ ಇಬ್ಬರು ಗಂಡಸರು ಎದುರುಬದುರು ನಿಂತು ಆಡುವ ದೃಶ್ಯವೇ. ಅದನ್ನು ನೋಡುಗರು ಶೃಂಗಾರವೆಂದೇ ಸವಿದರು. ಕರ್ನಾಟಕದ ಯಕ್ಷಗಾನ, ಕಂಪನಿ ನಾಟಕಗಳ ಸ್ತ್ರೀವೇಷಕ್ಕೂ ಇದೇ ಮಾತು ಸಲ್ಲುತ್ತದೆ.

ವಿಶಾಖಪಟ್ಟಣದ ಕಡೆಯ ಕೊಡುಗೆ ಗುರಜಾಡ ಅಪ್ಪಾರಾವ್ (1862–1915) ಅವರ ‘ಕನ್ಯಾಶುಲ್ಕಂ’. 1892ರಲ್ಲಿ ವಿಜಯನಗರಂನಲ್ಲಿ ಮೊದಲು ರಂಗಕ್ಕೆ ಬಂದ ಈ ನಾಟಕ ಅಲ್ಲಿನ ಮಹಾರಾಜ ಆನಂದ ಗಜಪತಿಯ ಆಸ್ಥಾನದ ನೆರಳಲ್ಲಿ ಹುಟ್ಟಿದ್ದು. ವಿಶಾಖಪಟ್ಟಣ ಜಿಲ್ಲೆಯಲ್ಲಿ ಎಳೆಯ ಹುಡುಗಿಯರನ್ನು ಹಣಕ್ಕೆ ಮದುವೆ ಮಾಡಿಕೊಡುವುದು ಎಷ್ಟಿದೆ ಎಂದು ಮಹಾರಾಜ ಲೆಕ್ಕ ಮಾಡಿಸಿದ; ಮೂರು ವರ್ಷಗಳಲ್ಲಿ ದಾಖಲಾದವು 1034. ನಾಟಕದ ಮುಖ್ಯ ತಂತ್ರವೇ ವೇಷಾಂತರ. ಹುಡುಗಿಯೊಬ್ಬಳನ್ನು ಮುದಿ ಲುಬ್ಧಾವಧಾನಿಯಿಂದ ಪಾರುಮಾಡಲು ಕರಟಕಶಾಸ್ತ್ರಿ ತನ್ನ ಶಿಷ್ಯ ಮಹೇಶಂಗೆ ಸೀರೆ ಉಡಿಸಿ, ಹಣ ಎಣಿಸಿಕೊಂಡು, ಮುದುಕನಿಗೆ ಮದುವೆ ಮಾಡಿಸಿಬಿಡುತ್ತಾನೆ. ಗಂಡಿಗೂ ಗಂಡಿಗೂ ಶಾಸ್ತ್ರೋಕ್ತವಾಗಿ ನಡೆದ ಈ ಮದುವೆಗೆ ಒಂದು ಶತಮಾನದಿಂದ ತೆಲುಗರು ನಗುತ್ತಿದ್ದಾರೆ. ನಗೆಯ ಗುರಿ ಮುದುಕನ ಆಸೆಬುರುಕತನವೇ ಹೊರತು ಹುಡುಗನ ಸೀರೆಯಲ್ಲ.

ಸಿನಿಮಾ

ವಿಜಯವಾಡದ ಮಾರುತಿ ಟಾಕೀಸ್ (1921) ಆಂಧ್ರದ ಮೊದಲ ಸಿನಿಮಾ ಮಂದಿರ. ಊರಿನ ಗಾಂಧಿನಗರ ದಶಕಗಳ ಕಾಲ ತೆಲುಗು ಚಿತ್ರಗಳ ಹಂಚಿಕೆದಾರರ ಕೇರಿ. ವಿಶಾಖಪಟ್ಟಣದಲ್ಲಿ ಜಗದಾಂಬ ಚಿತ್ರಮಂದಿರದ ಹೆಸರೇ ಊರಿನ ಮುಖ್ಯ ಸರ್ಕಲ್ಲಿನ ಹೆಸರಾಯಿತು. ಚಿತ್ರಗಳು ತಯಾರಾದದ್ದು ಮದರಾಸಿನಲ್ಲಿ, ಆಮೇಲೆ ಹೈದರಾಬಾದಿನಲ್ಲಿ. ಅವುಗಳ ಹಣೆಬರಹ ತೀರ್ಮಾನವಾಗುತ್ತಿದ್ದುದು ಈ ಕರಾವಳಿಯ ಊರುಗಳಲ್ಲಿ.

1957ರ ‘ಮಾಯಾಬಜಾರ್’ ಅರಮನೆಯ ಪ್ರಣಯಹಾಸ್ಯದ ಶಿಖರ. ನಿರ್ದೇಶನ ಕೆ.ವಿ. ರೆಡ್ಡಿ, ಕಥೆ, ಮಾತು, ಹಾಡು ಸೂರನನ ಮನೆಹೆಸರನ್ನೇ ಹೊತ್ತ ಪಿಂಗಳಿ ನಾಗೇಂದ್ರರಾವ್ ಅವರದು. ಅಭಿಮನ್ಯುವನ್ನು ಪ್ರೀತಿಸಿದ ಶಶಿರೇಖೆಯನ್ನು ದುರ್ಯೋಧನನ ಮಗ ಲಕ್ಷ್ಮಣಕುಮಾರನಿಗೆ ಕೊಡಲು ಹೊರಟಾಗ ಘಟೋತ್ಕಚ ಅವಳನ್ನು ಮಂಚಸಮೇತ ಹೊತ್ತೊಯ್ದು, ತಾನೇ ಶಶಿರೇಖೆಯಾಗಿ ಅರಮನೆಯಲ್ಲಿ ಉಳಿಯುತ್ತಾನೆ. ಈ ಮಾಯಾ ಶಶಿರೇಖೆಯನ್ನು ಆಡಿದವರು ಸಾವಿತ್ರಿ. ಮದುವೆಯ ಸಂಭ್ರಮದ ಹಾಡಿನಲ್ಲಿ ನಾಚಿಕೊಂಡು ಬಳುಕುತ್ತಿದ್ದವಳ ಹುಬ್ಬು ಇದ್ದಕ್ಕಿದ್ದಂತೆ ಮೇಲೇರುತ್ತದೆ, ಎದೆ ಸೆಟೆಯುತ್ತದೆ, ಪಿ. ಸುಶೀಲಾ ಅವರ ದನಿ ಹರಿಯುತ್ತಿದ್ದ ಬಾಯಿಂದ ಘಂಟಸಾಲ ಅವರ ಗಂಡುದನಿ ಹೊರಡುತ್ತದೆ. ತಟ್ಟನೆ ಎಚ್ಚೆತ್ತು ಮತ್ತೆ ಹೆಣ್ಣಾಗುತ್ತಾಳೆ. ಹೆಣ್ಣಿನ ಮೈಯಲ್ಲಿ ಗಂಡಿನ ಜೀವ, ಎದುರಿಗೆ ಏನೂ ತಿಳಿಯದ ಮದುಮಗ. ಸುಮಾರು 60 ವರ್ಷಗಳ ಅನಂತರ ‘ಮಿಸ್ಟರ್ ಕ್ವೀನ್’ ಎಂಬ ಕೊರಿಯಾದ ಧಾರಾವಾಹಿ ಕಂತುಗಟ್ಟಲೆ ಬೆಳೆಸಿದ ಹಾಸ್ಯವನ್ನು ಸಾವಿತ್ರಿ ಕೆಲವೇ ದೃಶ್ಯಗಳಲ್ಲಿ ಮುಗಿಸಿದ್ದರು.

ಆ ಚಿತ್ರಕ್ಕೆ ಕೆ.ವಿ. ರೆಡ್ಡಿಯವರ ಸಹಾಯಕರಲ್ಲೊಬ್ಬರು ಸಿಂಗೀತಂ ಶ್ರೀನಿವಾಸರಾವ್. ಕನ್ನಡಿಗರಿಗೆ ಅವರು ‘ಹಾಲುಜೇನು’, ‘ಚಲಿಸುವ ಮೋಡಗಳು’, ‘ಪುಷ್ಪಕ ವಿಮಾನ’ಗಳ ನಿರ್ದೇಶಕ. 1991ರ ಜುಲೈನಲ್ಲಿ ತೆರೆಕಂಡ ಅವರ ‘ಆದಿತ್ಯ 369’ ತೆಲುಗಿಗೆ ಕಾಲಯಂತ್ರವನ್ನು ತಂದಿತು. ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ ಕಾದಂಬರಿ ಇದಕ್ಕೆ ಪ್ರೇರಣೆ. ಕೃಷ್ಣದೇವರಾಯನ ಕಾಲದ ವಜ್ರವೊಂದರ ಕಳವು, ಪ್ರೊಫೆಸರನ ಯಂತ್ರ, ಅದರೊಳಗೆ ಸಿಕ್ಕಿಕೊಂಡ ನಾಯಕ ಕೃಷ್ಣಕುಮಾರ್, ನಾಯಕಿ ಹೇಮ ಮತ್ತು ಒಬ್ಬ ಪೊಲೀಸ್ ಪೇದೆ. ಯಂತ್ರ ಅವರನ್ನು 1526ರ ವಿಜಯನಗರಕ್ಕೂ ಆಮೇಲೆ 2504ಕ್ಕೂ ಒಯ್ಯುತ್ತದೆ. ಕೃಷ್ಣಕುಮಾರನೂ ಕೃಷ್ಣದೇವರಾಯನೂ ನಂದಮೂರಿ ಬಾಲಕೃಷ್ಣ ಅವರೇ. ಅವರ ತಂದೆ ಎನ್.ಟಿ. ರಾಮರಾವ್ ‘ತೆನಾಲಿ ರಾಮಕೃಷ್ಣ’ (1956), ‘ಮಹಾಮಂತ್ರಿ ತಿಮ್ಮರುಸು’ (1962) ಚಿತ್ರಗಳಲ್ಲಿ ಅದೇ ಅರಸನಾಗಿದ್ದರು. ಕನ್ನಡದಲ್ಲಿ ಬಿ.ಆರ್. ಪಂತುಲು 1970ರಲ್ಲಿ ತೆಗೆದ ‘ಶ್ರೀಕೃಷ್ಣದೇವರಾಯ’ದಲ್ಲಿ ರಾಜ್‌ಕುಮಾರ್ ಆ ಪಾತ್ರ ವಹಿಸಿದ್ದರು.

‘ಆದಿತ್ಯ 369’ರ ಆಸ್ಥಾನದಲ್ಲಿ ತೆನಾಲಿ ರಾಮಕೃಷ್ಣನಿದ್ದಾನೆ, ಹೊಸಬನ ಮೇಲೆ ಕಣ್ಣು ಹಾಕುವ ರಾಜನರ್ತಕಿಯಿದ್ದಾಳೆ. ಪ್ರಣಯ ಮಾತ್ರ ಗಂಡುಹೆಣ್ಣಿನ ಹಳೆಯ ಹಳಿಯ ಮೇಲೇ ಓಡುತ್ತದೆ. ಮಾಯಾ ಶಶಿರೇಖೆಯ ತುಂಟತನಕ್ಕೆ ಅಲ್ಲಿ ಜಾಗ ಸಿಗಲಿಲ್ಲ. ಮುಂದಿನ ಚಿತ್ರಗಳಲ್ಲೂ ಕಾಲದ ಜಿಗಿತ ಉಳಿಯಿತು, ಈ ಹಾಸ್ಯ ಮರೆಯಾಯಿತು. ರಾಜಮೌಳಿಯವರ ‘ಮಗಧೀರ’ (2009) ಪುನರ್ಜನ್ಮದಿಂದ, ‘ಬಿಂಬಿಸಾರ’ (2022) ಮಾಯಾದರ್ಪಣದಿಂದ ಅರಮನೆಯನ್ನೂ ಇಂದಿನ ನಗರವನ್ನೂ ಕೂಡಿಸಿದವು. ಎರಡೂ ವೀರರಸದ ಚಿತ್ರಗಳು.

ಕಾಲಯಾನವೂ ಸಲಿಂಗಪ್ರೇಮವೂ ಒಂದೇ ಸೂರಿನಡಿ ಬಂದದ್ದು ಪ್ರಶಾಂತ್ ವರ್ಮ ನಿರ್ದೇಶಿಸಿ, ನಟ ನಾನಿ ನಿರ್ಮಿಸಿದ ‘ಅ!’ (ಫೆಬ್ರವರಿ 2018) ಚಿತ್ರದಲ್ಲಿ. ಕಥೆ ನಡೆಯುವುದು ಒಂದು ರೆಸ್ಟೋರೆಂಟಿನಲ್ಲಿ. ರಾಧಾ ತಾನು ಮದುವೆಯಾಗಬೇಕೆಂದಿರುವ ಕ್ರಿಶ್‌ನನ್ನು ತೋರಿಸುತ್ತೇನೆಂದು ಅಪ್ಪಅಮ್ಮನನ್ನು ಕರೆಸುತ್ತಾಳೆ. ಹುಡುಗನಿಗಾಗಿ ಕಾದು ಕುಳಿತವರ ಎದುರಿಗೆ ಬಂದು ಕೂರುವವಳು ಕೃಷ್ಣವೇಣಿ. ಈಶಾ ರೆಬ್ಬಾ, ನಿತ್ಯಾ ಮೆನನ್ ಈ ಜೋಡಿ. ಪಕ್ಕದ ಎಳೆಯಲ್ಲಿ ಕಾಲಯಂತ್ರ ಕಟ್ಟಲು ಹೊರಟ ಶಿವನ ಮುಂದೆ ಪಾರ್ವತಿ ಎಂಬ ಹೆಂಗಸು ಬಂದು, ಭವಿಷ್ಯದಿಂದ ಬಂದ ನೀನೇ ನಾನು ಎನ್ನುತ್ತಾಳೆ. ರಾಧಾಕೃಷ್ಣ, ಶಿವಪಾರ್ವತಿ ಎಂಬ ಹೆಸರುಗಳನ್ನು ಬೇಕೆಂದೇ ಹೀಗೆ ತಿರುಗಿಸಿ ಇಟ್ಟಿದ್ದಾರೆ. ಕೊನೆಗೆ ಎಲ್ಲ ಪಾತ್ರಗಳೂ ಒಬ್ಬಳೇ ಹೆಣ್ಣಿನ ಮನಸ್ಸಿನೊಳಗಿನವು ಎಂದು ತಿಳಿಯುತ್ತದೆ. ಚಿತ್ರಕ್ಕೆ ಪ್ರಸಾಧನ ಮತ್ತು ವಿಶೇಷ ಪರಿಣಾಮಗಳಿಗಾಗಿ ಎರಡು ರಾಷ್ಟ್ರಪ್ರಶಸ್ತಿಗಳು ಬಂದವು. ಇಲ್ಲಿ ಅರಸನ ಆಸ್ಥಾನವಿಲ್ಲ. ಅಪ್ಪಅಮ್ಮ ಕುಳಿತ ಮೇಜೇ ಆಸ್ಥಾನ.

ಕನ್ನಡದಲ್ಲಿ

ಕನ್ನಡದ ಹಳೆಯ ಮಾದರಿ ವಿರಾಟನ ಆಸ್ಥಾನ. ಅಲ್ಲಿ ಅರ್ಜುನ ಬೃಹನ್ನಳೆಯಾಗಿ ಕುಣಿತ ಕಲಿಸುತ್ತಾನೆ. ಭೀಮ ಸೈರಂಧ್ರಿಯ ಜಾಗದಲ್ಲಿ ಕತ್ತಲಲ್ಲಿ ಕುಳಿತು ಕೀಚಕನ ಚೆಲ್ಲಾಟವನ್ನು ಸಹಿಸಿ ಆಮೇಲೆ ಮುಷ್ಟಿ ಎತ್ತುತ್ತಾನೆ. ಕುಮಾರವ್ಯಾಸನನ್ನು ಓದುವ ಗಮಕಿಗಳೂ ಯಕ್ಷಗಾನದ ಭಾಗವತರೂ ಈ ಭಾಗವನ್ನು ನಗಿಸದೆ ಬಿಟ್ಟವರಲ್ಲ. ತೆಲುಗಿನ ‘ನರ್ತನಶಾಲ’ (1963) ಇದೇ ಕಥೆಯ ಚಿತ್ರ.

ವೇಷದ ನೆಪವಿಲ್ಲದೆ ಸಲಿಂಗಪ್ರೇಮವನ್ನು ನೇರವಾಗಿ ಹೇಳಿದ ಕನ್ನಡ ಕೃತಿ ವಸುಧೇಂದ್ರರ ‘ಮೋಹನಸ್ವಾಮಿ’ (2013) ಕಥಾಸಂಕಲನ. ಸಂಡೂರಿನಲ್ಲಿ ಹುಟ್ಟಿ ಬೆಳೆದ ಲೇಖಕರು ಇದರೊಂದಿಗೆ ತಮ್ಮ ಒಲವನ್ನೂ ಬಹಿರಂಗವಾಗಿ ಹೇಳಿಕೊಂಡರು. ಇದು ತೆಲುಗಿಗೂ ಅನುವಾದಗೊಂಡಿದೆ. ಅವರ ‘ತೇಜೋ ತುಂಗಭದ್ರಾ’ (2019) ಕಾದಂಬರಿ ಕೃಷ್ಣದೇವರಾಯನ ಕಾಲದ ವಿಜಯನಗರವನ್ನು ಲಿಸ್ಬನ್ನಿನೊಡನೆ ಹೆಣೆಯುತ್ತದೆ. ಆಸ್ಥಾನ ಒಂದು ಪುಸ್ತಕದಲ್ಲಿ, ಸಲಿಂಗಪ್ರೇಮ ಇನ್ನೊಂದರಲ್ಲಿ. ಒಬ್ಬರೇ ಲೇಖಕರ ಕೈಯಲ್ಲೂ ಎಳೆಗಳು ಬೇರೆಯಾಗಿಯೇ ಉಳಿದಿವೆ.

ಹೊರಜಗತ್ತಿನಲ್ಲಿ

ಇಂದಿನವನು ಹಳೆಯ ಆಸ್ಥಾನಕ್ಕೆ ಹೋಗಿ ಪೇಚಿಗೆ ಸಿಲುಕುವ ಹಾಸ್ಯಕ್ಕೆ ಮಾರ್ಕ್ ಟ್ವೇನ್ 1889ರಲ್ಲಿ ಆರ್ಥರ್ ರಾಜನ ಸಭೆಯನ್ನು ಕುರಿತು ಬರೆದ ಕಾದಂಬರಿ ದಾರಿ ಹಾಕಿತು. ಚೀನಾದ ‘ಗೋ ಪ್ರಿನ್ಸೆಸ್ ಗೋ’ (2015) ಎಂಬ ವೆಬ್ ಸರಣಿಯಲ್ಲಿ ಇಂದಿನ ಶೋಕಿಲಾಲನೊಬ್ಬ ಹಳೆಯ ಕಾಲದ ಯುವರಾಣಿಯ ಮೈಯಲ್ಲಿ ಎಚ್ಚರಗೊಳ್ಳುತ್ತಾನೆ. ಇದು ಅಪಾರ ಜನಪ್ರಿಯವಾಯಿತು. 2016ರ ಆರಂಭದಲ್ಲಿ ಅದನ್ನು ತಾಣದಿಂದ ಇಳಿಸಿ ಕತ್ತರಿ ಹಾಕಬೇಕಾಯಿತು. ಇದನ್ನು ಆಧರಿಸಿ ಕೊರಿಯಾದಲ್ಲಿ ಬಂದ ‘ಮಿಸ್ಟರ್ ಕ್ವೀನ್’ (ಡಿಸೆಂಬರ್ 2020 – ಫೆಬ್ರವರಿ 2021) 20 ಕಂತುಗಳದ್ದು. ಅಧ್ಯಕ್ಷರ ಭವನದ ಅಡುಗೆಯವನೊಬ್ಬನ ಜೀವ ಜೊಸೆಯಾನ್ ವಂಶದ ರಾಣಿಯ ದೇಹ ಹೊಕ್ಕು, ರಾಜ ಚೊಲ್‌ಜಾಂಗನ ಒಲವಿಗೆ ಸಿಲುಕುತ್ತದೆ. ಕೊನೆಯಲ್ಲಿ ಅಡುಗೆಯವನು ತನ್ನ ದೇಹಕ್ಕೂ ಕಾಲಕ್ಕೂ ಮರಳುತ್ತಾನೆ. ಥಾಯ್ಲೆಂಡಿನ ‘ಐ ಫೀಲ್ ಯು ಲಿಂಗರ್ ಇನ್ ದಿ ಏರ್’ (2023) ದೇಹ ಬದಲಿಸುವ ನೆಪವನ್ನೇ ಬಿಟ್ಟಿತು. ಅಲ್ಲಿ 1920ರ ದಶಕದ ಚಿಯಾಂಗ್ ಮೈಗೆ ಹೋದ ವಾಸ್ತುಶಿಲ್ಪಿ ಗಂಡಾಗಿಯೇ ಗಂಡಿಗೆ ಒಲಿಯುತ್ತಾನೆ.

ಕಾನೂನಿನ ಹಿನ್ನೆಲೆ

1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಂ ಸಲಿಂಗಕಾಮವನ್ನು ಅಪರಾಧವಾಗಿಸಿತ್ತು. ‘ಅ!’ ತೆರೆಕಂಡು ಏಳು ತಿಂಗಳು ತುಂಬುವ ಮೊದಲೇ, 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟ್ ಅದರ ಹಿಡಿತದಿಂದ ಬಿಡಿಸಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಅದೇ ನ್ಯಾಯಾಲಯ ಒಪ್ಪಲಿಲ್ಲ. ಅದು ಸಂಸತ್ತಿನ ಕೆಲಸ ಎಂದಿತು. ಹೀಗಾಗಿ ಇಂದು ಭಾರತದಲ್ಲಿ ಇಬ್ಬರು ಹೆಂಗಸರು ಒಟ್ಟಿಗೆ ಬಾಳಬಹುದು, ಮದುವೆಯನ್ನು ನೋಂದಾಯಿಸಲಾಗದು. ಕಥೆಗಳಲ್ಲಿ ಎಲ್ಲರೂ ನಕ್ಕು ಒಪ್ಪುವ ಮದುವೆಮಂಟಪಕ್ಕೂ ನೋಂದಣಿ ಕಚೇರಿಗೂ ಇರುವ ದೂರ ಇದು.

ಲಕ್ಷಣಗಳು ಮತ್ತು ಮೌಲ್ಯಮಾಪನ

ಈ ಪ್ರಕಾರದ ಕಥೆಗಳು ನಗೆಗೆ ಆರಿಸಿಕೊಳ್ಳುವ ಜಾಗ ಅಂತಃಪುರ, ಮದುವೆಮಂಟಪ, ರಾಜಸಭೆ. ಯಾರು ಯಾರ ಪಕ್ಕ ಕೂರಬೇಕೆಂಬ ಕಟ್ಟಳೆ ಬಿಗಿಯಾಗಿರುವಲ್ಲೇ ತಪ್ಪಿ ಕುಳಿತವನು ನಗೆ ತರುತ್ತಾನೆ. ಗುಟ್ಟು ಪ್ರೇಕ್ಷಕರಿಗೆ ತಿಳಿದಿರುತ್ತದೆ, ಮದುಮಗನಿಗೆ ತಿಳಿದಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಷರತ್ತು. ಗೆರೆ ದಾಟಿದವನಿಗೆ ಕಥೆ ಕಡೆಯಲ್ಲಿ ಹೇಳುವುದು ಒಂದೇ ಮಾತು: ಬಂದ ದಾರಿಗೆ ಸುಂಕವಿಲ್ಲ. ನಾರದ ಇನ್ನೊಂದು ಕೊಳದಲ್ಲಿ ಮುಳುಗಿ ಗಂಡಾಗುತ್ತಾನೆ. ಮೋಹಿನಿ ವಿಷ್ಣುವಾಗುತ್ತಾಳೆ. ಬೃಹನ್ನಳೆ ಗಾಂಡೀವ ಹಿಡಿಯುತ್ತಾಳೆ. ಮಹೇಶಂ ಸೀರೆ ಬಿಚ್ಚಿ ಓಡುತ್ತಾನೆ. ಘಟೋತ್ಕಚ ಮೀಸೆ ತಿರುವುತ್ತಾನೆ. ಕೊರಿಯಾದ ಅಡುಗೆಯವನೂ ಮನೆಗೆ ಬರುತ್ತಾನೆ. ಮರಳುವ ದಾರಿ ಖಾತ್ರಿಯಿದ್ದುದರಿಂದಲೇ ಸಮಾಜ ಇಷ್ಟು ಧಾರಾಳವಾಗಿ ನಕ್ಕಿತು. ಮರಳದ ಪಾತ್ರಗಳೆಂದರೆ ಬಹುಮಟ್ಟಿಗೆ ರ್ಯಾಲಿಯ ಕಲ್ಲು ಮತ್ತು ವಸುಧೇಂದ್ರರ ಕಥಾನಾಯಕ.

ನಗೆಯಿಲ್ಲದೆ ಮರಳದೆ ಉಳಿದವರ ಒಂದು ಪ್ರಸಂಗ ಈ ಎರಡು ಊರುಗಳ ನಡುವೆಯೇ ನಡೆಯಿತು. ವಿಜಯವಾಡದಲ್ಲಿ ಒಟ್ಟಿಗೆ ಬಾಳುತ್ತಿದ್ದ ಇಬ್ಬರು ಯುವತಿಯರಲ್ಲಿ ಒಬ್ಬಳನ್ನು ಅವಳ ತಂದೆ ಹಿಂದಿನ ವಿಶಾಖಪಟ್ಟಣ ಜಿಲ್ಲೆಯ, ಈಗ ಅನಕಾಪಲ್ಲಿ ಜಿಲ್ಲೆಗೆ ಸೇರಿದ, ನರಸೀಪಟ್ಟಣದ ಮನೆಯಲ್ಲಿ ಇರಿಸಿಕೊಂಡಿದ್ದಾರೆಂದು ಇನ್ನೊಬ್ಬಳು ಅಮರಾವತಿಯ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದಳು. ದ್ವಿಸದಸ್ಯ ಪೀಠ ಆ ಯುವತಿಯನ್ನು ಕರೆಸಿ ಅವಳ ಇಷ್ಟವನ್ನು ಕೇಳಿತು. ಪ್ರಾಪ್ತವಯಸ್ಕಳಾದ ಅವಳು ತನಗೆ ಬೇಕಾದ ಸಂಗಾತಿಯೊಡನೆ ಇರಬಹುದು, ಮನೆಯವರು ಅಡ್ಡಿಪಡಿಸಬಾರದು ಎಂದು ಹೇಳಿತು. ಆ ಆದೇಶ ಬಂದದ್ದು 2024ರ ಡಿಸೆಂಬರಿನಲ್ಲಿ. ಪಂಚಾಂಗದ ಲೆಕ್ಕದಲ್ಲಿ ಅದು ಕ್ರೋಧಿ ಸಂವತ್ಸರ. ಸರ್ಪವರದ ಕಥೆಯಂತೆ, ಹೆಣ್ಣಾಗಿದ್ದ ನಾರದನಿಗೆ ಹುಟ್ಟಿದ 38ನೆಯ ಮಗ ಆಳುತ್ತಿದ್ದ ವರ್ಷ.